ಹಲ್ಲಿನ ಎನಾಮಲ್‌ಗೆ ದಂತ ಅಂಟುಗಳ ಹಿಡಿತ: ಫ್ಲೋರೈಡ್ ಬಾಧಿತ ಪ್ರದೇಶದ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ದೋರನಹಳ್ಳಿಯೂ ಸೇರಿದಂತೆ ಶಹಾಪುರ, ಸುರಪುರ ಹಾಗೂ ಯಾದಗಿರಿ ಭಾಗದ ಗ್ರಾಮಗಳ ಜನತೆ ಕುಡಿಯುವ ನೀರಿಗಾಗಿ ಬಹುಕಾಲದಿಂದ ತೆರೆದ ಬಾವಿ ಮತ್ತು ಕೊಳವೆ ಬಾವಿಗಳನ್ನು ಅವಲಂಬಿಸುತ್ತಾ ಬಂದಿರುತ್ತಾರೆ. ಜಿಲ್ಲೆಯ ಕೆಲವು ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವು ನಿಗದಿತ ಮಿತಿಯನ್ನು ಮೀರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳು ದಾಖಲಿಸಿರುತ್ತವೆ. ಇಂತಹ ನೀರನ್ನು ಬಾಲ್ಯದಲ್ಲಿ ಸೇವಿಸಿದವರ ಹಲ್ಲುಗಳ ಮೇಲೆ ಬಿಳಿ ಅಥವಾ ಕಂದು ಬಣ್ಣದ ಪಟ್ಟೆಗಳು ಕಂಡುಬರುತ್ತವೆ. ಇದನ್ನು ದಂತ ಫ್ಲೋರೋಸಿಸ್ ಎಂದು ಕರೆಯಲಾಗುತ್ತದೆ.

ಈ ಸ್ಥಿತಿಯ ಇನ್ನೊಂದು ಪರಿಣಾಮವು ಸಾರ್ವಜನಿಕರ ಗಮನಕ್ಕೆ ಅಷ್ಟಾಗಿ ಬಂದಿರುವುದಿಲ್ಲ. ಹಲ್ಲಿನ ಬಣ್ಣದ ಫಿಲ್ಲಿಂಗ್, ಮುಂಭಾಗದ ಹಲ್ಲಿಗೆ ಹಾಕುವ ಲೇಪನ, ಹಲ್ಲು ಸರಿಪಡಿಸುವ ತಂತಿಯ ಬ್ರಾಕೆಟ್ ಇವೆಲ್ಲವೂ ಎನಾಮಲ್‌ಗೆ ಅಂಟಿನ ಮೂಲಕ ಕೂಡಿಕೊಂಡಿರುತ್ತವೆ. ಫ್ಲೋರೋಸಿಸ್ ಇರುವ ಎನಾಮಲ್‌ನ ಗುಣವು ಸಾಮಾನ್ಯ ಎನಾಮಲ್‌ಗಿಂತ ಭಿನ್ನವಾಗಿರುವುದರಿಂದ, ಸಾಮಾನ್ಯ ಕ್ರಮದಲ್ಲಿ ಹಾಕಿದ ಅಂಟು ಅಲ್ಲಿ ಸಾಕಷ್ಟು ಹಿಡಿಯದೆ ಹೋಗಬಹುದು. ಫಿಲ್ಲಿಂಗ್ ಪದೇಪದೇ ಬಿದ್ದುಹೋದಾಗ ಪಟ್ಟಣಕ್ಕೆ ಓಡಾಡುವ ವೆಚ್ಚ, ಕೂಲಿಯ ನಷ್ಟ ಮತ್ತು ಪ್ರತಿ ಬಾರಿಯೂ ಸ್ವಲ್ಪ ಸ್ವಲ್ಪವಾಗಿ ಸವೆಯುವ ಹಲ್ಲು, ಇವು ಮೂರೂ ರೋಗಿಯ ಪಾಲಿಗೆ ಬರುತ್ತವೆ. ಆದುದರಿಂದ ಅಂಟಿನ ಹಿಡಿತ ಯಾವುದನ್ನು ಅವಲಂಬಿಸಿದೆ, ಚಿಕಿತ್ಸೆಗೆ ಹೋಗುವಾಗ ಯಾವ ಅಂಶಗಳನ್ನು ತಿಳಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ಎನಾಮಲ್‌ನ ರಚನೆ

ಹಲ್ಲಿನ ಹೊರ ಕವಚವೇ ಎನಾಮಲ್. ಇದು ಮಾನವ ದೇಹದ ಅತ್ಯಂತ ಗಟ್ಟಿಯಾದ ವಸ್ತು. ತೂಕದ ಲೆಕ್ಕದಲ್ಲಿ ಇದರ ಸುಮಾರು ಶೇ. 96 ಭಾಗವು ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ-ರಂಜಕದ ಖನಿಜವಾಗಿದ್ದು, ಉಳಿದುದು ನೀರು ಮತ್ತು ಸಾವಯವ ಅಂಶವಾಗಿರುತ್ತದೆ. ಖನಿಜದ ಹರಳುಗಳು ಕಡ್ಡಿಗಳಂತೆ ಒತ್ತೊತ್ತಾಗಿ ಜೋಡಣೆಗೊಂಡಿರುತ್ತವೆ. ಅಗಿಯುವ ಹಲ್ಲಿನ ತುದಿಯಲ್ಲಿ ಎನಾಮಲ್ ಸುಮಾರು 2 ರಿಂದ 2.5 ಮಿ.ಮೀ. ದಪ್ಪವಿದ್ದು, ಒಸಡಿನ ಕಡೆಗೆ ತೆಳುವಾಗುತ್ತಾ ಹೋಗುತ್ತದೆ.

ಎನಾಮಲ್‌ನ ಒಳಗೆ ಡೆಂಟಿನ್ ಎಂಬ ಪದರವಿರುತ್ತದೆ. ಡೆಂಟಿನ್‌ನಲ್ಲಿ ಖನಿಜದ ಪ್ರಮಾಣ ಸುಮಾರು ಶೇ. 70 ಮಾತ್ರ, ಉಳಿದುದು ಪ್ರೋಟೀನ್ ಮತ್ತು ನೀರು. ತೇವವಿಲ್ಲದ, ಗಟ್ಟಿಯಾದ ಎನಾಮಲ್‌ಗೆ ಅಂಟು ದೃಢವಾಗಿಯೂ ದೀರ್ಘಕಾಲವೂ ಹಿಡಿದುಕೊಳ್ಳುತ್ತದೆ. ತೇವಾಂಶವುಳ್ಳ ಡೆಂಟಿನ್‌ನಲ್ಲಿ ಆ ಹಿಡಿತವು ಕಾಲಕ್ರಮೇಣ ದುರ್ಬಲಗೊಳ್ಳುವ ಸಂಭವ ಹೆಚ್ಚು. ಈ ಕಾರಣದಿಂದ ಎನಾಮಲ್‌ನ ಅಂಚನ್ನು ಉಳಿಸಿಕೊಳ್ಳುವುದು ಫಿಲ್ಲಿಂಗ್‌ನ ಬಾಳಿಕೆಗೆ ಮುಖ್ಯವಾಗಿರುತ್ತದೆ. ಒಮ್ಮೆ ನಷ್ಟವಾದ ಎನಾಮಲ್ ಪುನಃ ಬೆಳೆಯುವುದಿಲ್ಲ ಎಂಬುದನ್ನು ಎಲ್ಲರೂ ಗಮನಿಸತಕ್ಕದ್ದು.

3. ಅಂಟು ಹಿಡಿಯುವ ಬಗೆ

ನಯವಾದ ಎನಾಮಲ್‌ನ ಮೇಲೆ ರೆಸಿನ್ ಅಂಟನ್ನು ನೇರವಾಗಿ ಹಚ್ಚಿದರೆ ಅದು ನಿಲ್ಲುವುದಿಲ್ಲ. 1955ರಲ್ಲಿ ಅಮೆರಿಕದ ರಾಚೆಸ್ಟರ್‌ನ ಮೈಕೇಲ್ ಬ್ಯೂನೊಕೋರ್ ಎಂಬ ದಂತ ವಿಜ್ಞಾನಿಯು ಎನಾಮಲ್‌ನ ಮೇಲೆ ಶೇ. 85ರ ಫಾಸ್ಫಾರಿಕ್ ಆಮ್ಲವನ್ನು 30 ಸೆಕೆಂಡುಗಳ ಕಾಲ ಹಚ್ಚಿ ತೊಳೆದರೆ ಅಕ್ರಿಲಿಕ್ ಪದಾರ್ಥವು ಅನೇಕ ಪಟ್ಟು ಹೆಚ್ಚು ಕಾಲ ಅಂಟಿಕೊಂಡಿರುತ್ತದೆ ಎಂದು ತೋರಿಸಿಕೊಟ್ಟರು. ಹಡಗು ಹಾಗೂ ಇತರ ಲೋಹದ ಮೇಲ್ಮೈಗಳಿಗೆ ಬಣ್ಣ ಬಳಿಯುವ ಮೊದಲು ಆಮ್ಲದಿಂದ ಶುದ್ಧಿಗೊಳಿಸುವ ಕೈಗಾರಿಕಾ ಪದ್ಧತಿಯು ಇದಕ್ಕೆ ಪ್ರೇರಣೆಯಾಗಿತ್ತು. 1962ರಲ್ಲಿ ರಫೇಲ್ ಬೋವೆನ್ ಅವರು ಪೇಟೆಂಟ್ ಪಡೆದ ಬಿಸ್-ಜಿಎಂಎ ಎಂಬ ರೆಸಿನ್ ಈ ವಿಧಾನದೊಡನೆ ಸೇರಿದ ನಂತರ ಹಲ್ಲಿನ ಬಣ್ಣದ ಫಿಲ್ಲಿಂಗ್‌ಗಳು ಬಳಕೆಗೆ ಬಂದವು.

ಪ್ರಸ್ತುತ ಶೇ. 35 ರಿಂದ 37ರ ಫಾಸ್ಫಾರಿಕ್ ಆಮ್ಲದ ಜೆಲ್ ಅನ್ನು ಸಾಮಾನ್ಯವಾಗಿ 15 ರಿಂದ 30 ಸೆಕೆಂಡುಗಳ ಕಾಲ ಬಳಸಲಾಗುತ್ತದೆ. ಆಮ್ಲವು ಎನಾಮಲ್‌ನ ಮೇಲ್ಪದರದಿಂದ ಸುಮಾರು 10 ಮೈಕ್ರಾನ್‌ನಷ್ಟು ಕರಗಿಸಿ, ಅದರ ಕೆಳಗೆ 5 ರಿಂದ 50 ಮೈಕ್ರಾನ್ ಆಳದವರೆಗೆ ಸೂಕ್ಷ್ಮ ರಂಧ್ರಗಳನ್ನು ಉಂಟುಮಾಡುತ್ತದೆ. ದ್ರವರೂಪದ ಅಂಟು ಈ ರಂಧ್ರಗಳೊಳಗೆ ಹರಿದು, ನೀಲಿ ಬೆಳಕಿನ ಸಹಾಯದಿಂದ ಗಟ್ಟಿಯಾಗುತ್ತದೆ. ಹೀಗೆ ರೂಪುಗೊಂಡ ಸಾವಿರಾರು ಸೂಕ್ಷ್ಮ ಬೇರುಗಳೇ ಫಿಲ್ಲಿಂಗ್ ಅನ್ನು ಹಿಡಿದು ನಿಲ್ಲಿಸುತ್ತವೆ. ಅಂದರೆ ಎನಾಮಲ್‌ಗೆ ಅಂಟಿನ ಹಿಡಿತವು ಮುಖ್ಯವಾಗಿ ಆಮ್ಲವು ಮೇಲ್ಮೈಯನ್ನು ಎಷ್ಟು ಸಮರ್ಪಕವಾಗಿ ಸಿದ್ಧಗೊಳಿಸಿದೆ ಎಂಬುದನ್ನು ಅವಲಂಬಿಸಿರುತ್ತದೆ.

4. ಹಿಡಿತದ ಬಲವನ್ನು ಅಳೆಯುವ ಕ್ರಮ

ಹಿಡಿತದ ಬಲವನ್ನು ಮೆಗಾಪಾಸ್ಕಲ್ ಎಂಬ ಮಾನದಲ್ಲಿ ಹೇಳಲಾಗುತ್ತದೆ. ಒಂದು ಮೆಗಾಪಾಸ್ಕಲ್ ಎಂದರೆ ಪ್ರತಿ ಚದರ ಮಿಲಿಮೀಟರ್‌ಗೆ ಒಂದು ನ್ಯೂಟನ್ ಬಲ. ಉದಾಹರಣೆಗೆ, 10 ಚದರ ಮಿ.ಮೀ. ವಿಸ್ತೀರ್ಣದಲ್ಲಿ ಅಂಟಿರುವ ವಸ್ತುವಿನ ಹಿಡಿತವು 20 ಮೆಗಾಪಾಸ್ಕಲ್ ಇದ್ದಲ್ಲಿ, ಅದನ್ನು ಕೀಳಲು 200 ನ್ಯೂಟನ್, ಅಂದರೆ ಸುಮಾರು 20 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೇಕಾಗುತ್ತದೆ. ಅದೇ ಹಿಡಿತವು 7 ಮೆಗಾಪಾಸ್ಕಲ್‌ಗೆ ಇಳಿದರೆ ಸುಮಾರು 7 ಕಿಲೋಗ್ರಾಂ ತೂಕದ ಬಲವೇ ಸಾಕಾಗುತ್ತದೆ.

ಪರೀಕ್ಷೆಯನ್ನು ಕಿತ್ತುತೆಗೆದ ಮಾನವ ಹಲ್ಲುಗಳ ಅಥವಾ ದನದ ಹಲ್ಲುಗಳ ಮೇಲೆ ಪ್ರಯೋಗಾಲಯದಲ್ಲಿ ನಡೆಸಲಾಗುತ್ತದೆ. ಇದಕ್ಕೆ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ 11405 ಸಂಖ್ಯೆಯ ತಾಂತ್ರಿಕ ನಿರ್ದೇಶನವು ಮಾರ್ಗದರ್ಶಿಯಾಗಿದೆ. ಅಂಟಿಸಿದ ಮಾದರಿಯನ್ನು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ 24 ಗಂಟೆಗಳ ಕಾಲ ಇರಿಸಿ, ನಂತರ ಯಂತ್ರದ ಮೂಲಕ ನಿಧಾನವಾಗಿ ತಳ್ಳಿ ಅಥವಾ ಎಳೆದು, ಅದು ಬೇರ್ಪಡುವ ಹಂತದ ಬಲವನ್ನು ದಾಖಲಿಸಲಾಗುತ್ತದೆ. ಬಾಯಿಯಲ್ಲಿ ಬಿಸಿ ಮತ್ತು ತಣ್ಣನೆಯ ಆಹಾರದ ಪರಿಣಾಮವನ್ನು ಅನುಕರಿಸಲು ಮಾದರಿಗಳನ್ನು 5 ಮತ್ತು 55 ಡಿಗ್ರಿ ನೀರಿನಲ್ಲಿ ಪರ್ಯಾಯವಾಗಿ ಅದ್ದುವ ಕ್ರಮವೂ ಇರುತ್ತದೆ.

ಈ ಅಂಕಿಗಳನ್ನು ಅರ್ಥೈಸಿಕೊಳ್ಳುವಾಗ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

(ಅ) ಬ್ರಾಕೆಟ್‌ಗಳಿಗೆ ಸುಮಾರು 6 ರಿಂದ 8 ಮೆಗಾಪಾಸ್ಕಲ್ ಹಿಡಿತ ಸಾಕೆಂಬುದು 1975ರಿಂದ ರೂಢಿಯಲ್ಲಿರುವ ಪ್ರಮಾಣ. ಚಿಕಿತ್ಸೆ ಮುಗಿದ ನಂತರ ಬ್ರಾಕೆಟ್ ತೆಗೆಯಬೇಕಾಗಿರುವುದರಿಂದ ಅತಿಯಾದ ಹಿಡಿತವೂ ಅಪೇಕ್ಷಣೀಯವಲ್ಲ; ತೆಗೆಯುವಾಗ ಎನಾಮಲ್ ಚೂರು ಏಳುವ ಸಂಭವವಿರುತ್ತದೆ.

(ಆ) ಫಿಲ್ಲಿಂಗ್‌ಗೆ ಹೆಚ್ಚಿನ ಹಿಡಿತ ಬೇಕು. ರೆಸಿನ್ ಗಟ್ಟಿಯಾಗುವಾಗ ಗಾತ್ರದಲ್ಲಿ ಸುಮಾರು ಶೇ. 2 ರಿಂದ 3ರಷ್ಟು, ತೆಳು ಸಾಮಗ್ರಿಗಳಲ್ಲಿ ಅದಕ್ಕಿಂತ ಹೆಚ್ಚಾಗಿ ಕುಗ್ಗುತ್ತದೆ. ಈ ಎಳೆತವನ್ನು ತಡೆದುಕೊಳ್ಳಲು ಸುಮಾರು 17 ರಿಂದ 20 ಮೆಗಾಪಾಸ್ಕಲ್ ಅಗತ್ಯವೆಂದು ಸಾಮಾನ್ಯವಾಗಿ ಉಲ್ಲೇಖಿಸಲಾಗುತ್ತದೆ. ಆರೋಗ್ಯಕರ ಎನಾಮಲ್‌ನ ಮೇಲೆ ಕ್ರಮಬದ್ಧವಾಗಿ ಹಚ್ಚಿದ ಅಂಟು ಈ ಮಟ್ಟವನ್ನು ತಲುಪುತ್ತದೆ.

(ಇ) ಒಂದು ಪ್ರಯೋಗಾಲಯದ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ನೇರವಾಗಿ ಹೋಲಿಸುವುದು ಸೂಕ್ತವಲ್ಲ. ತಳ್ಳುವ ವೇಗ, ಮಾದರಿಯ ಗಾತ್ರ ಮತ್ತು ಹಲ್ಲಿನ ಸ್ಥಿತಿ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ.

(ಈ) ಅಂಟಿನ ತಯಾರಕರು ಪ್ರಕಟಿಸುವ ಅಂಕಿಗಳು ಸಾಮಾನ್ಯವಾಗಿ ದೋಷರಹಿತ ಎನಾಮಲ್‌ನ ಮೇಲೆ ಪಡೆದವುಗಳಾಗಿರುತ್ತವೆ. ಫ್ಲೋರೋಸಿಸ್ ಇರುವ ಹಲ್ಲಿಗೆ ಅದೇ ಅಂಕಿ ಅನ್ವಯಿಸುತ್ತದೆ ಎಂದು ಭಾವಿಸತಕ್ಕದ್ದಲ್ಲ.

5. ಫ್ಲೋರೋಸಿಸ್ ಉಂಟಾಗುವ ಬಗೆ

ಈ ಭಾಗದಲ್ಲಿ ವ್ಯಾಪಕವಾಗಿರುವ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್ ಮುಂತಾದ ಫ್ಲೋರೈಡ್ ಯುಕ್ತ ಖನಿಜಗಳಿರುತ್ತವೆ. ಶಿಲೆಯ ಬಿರುಕುಗಳಲ್ಲಿ ನೀರು ದೀರ್ಘಕಾಲ ನಿಂತಾಗ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಒಂದೇ ಗ್ರಾಮದ ಎರಡು ಕೊಳವೆ ಬಾವಿಗಳ ನೀರಿನಲ್ಲಿಯೂ ಪ್ರಮಾಣವು ಬೇರೆ ಬೇರೆಯಾಗಿರಬಹುದು. ಆದುದರಿಂದ ಗ್ರಾಮದ ಹೆಸರಿನ ಆಧಾರದ ಮೇಲೆ ನೀರು ಸುರಕ್ಷಿತವೆಂದಾಗಲಿ, ಅಸುರಕ್ಷಿತವೆಂದಾಗಲಿ ತೀರ್ಮಾನಿಸಲಾಗದು. ಪ್ರತಿಯೊಂದು ಮೂಲವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರಮಾಣವು ಲೀಟರ್‌ಗೆ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಭಾರತದಲ್ಲಿ ಫ್ಲೋರೋಸಿಸ್ ಮೊದಲು ವರದಿಯಾದುದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಿಂದ. ಕೇಂದ್ರ ಸರ್ಕಾರವು 2008-09ರಲ್ಲಿ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು.

ದಂತ ಫ್ಲೋರೋಸಿಸ್ ಉಂಟಾಗುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿರುವ ಅವಧಿಯಲ್ಲಿ ಮಾತ್ರ. ಸ್ಥೂಲವಾಗಿ ಹುಟ್ಟಿನಿಂದ 8 ವರ್ಷದವರೆಗೆ. ಮೇಲಿನ ಮುಂಭಾಗದ ಹಲ್ಲುಗಳಿಗೆ ಮೊದಲ ಮೂರು ವರ್ಷಗಳು ಅತ್ಯಂತ ಸೂಕ್ಷ್ಮವಾದವು. ಹಲ್ಲು ಪೂರ್ಣವಾಗಿ ರೂಪುಗೊಂಡ ನಂತರ ಅಂತಹ ನೀರು ಕುಡಿದವರಲ್ಲಿ ಹೊಸದಾಗಿ ದಂತ ಫ್ಲೋರೋಸಿಸ್ ಬರುವುದಿಲ್ಲ; ಆದರೆ ಮೂಳೆ ಮತ್ತು ಕೀಲುಗಳ ಮೇಲೆ ಪರಿಣಾಮವಾಗಬಹುದು.

6. ಫ್ಲೋರೋಸಿಸ್ ಇರುವ ಎನಾಮಲ್‌ನ ಮೇಲೆ ಅಂಟಿನ ಹಿಡಿತ

ಫ್ಲೋರೋಸಿಸ್ ಇರುವ ಎನಾಮಲ್‌ನಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಕಂಡುಬರುತ್ತವೆ. ಹೊರಪದರವು ಅತಿಯಾಗಿ ಖನಿಜಗೊಂಡು, ಫ್ಲೋರೈಡ್ ಸೇರಿ, ಆಮ್ಲಕ್ಕೆ ಸುಲಭವಾಗಿ ಕರಗದಂತಾಗಿರುತ್ತದೆ. ಅದರ ಕೆಳಗಿನ ಪದರವು ಇದಕ್ಕೆ ವಿರುದ್ಧವಾಗಿ ಖನಿಜದ ಕೊರತೆಯಿಂದ ಟೊಳ್ಳಾಗಿ, ದುರ್ಬಲವಾಗಿರುತ್ತದೆ.

ಇದರಿಂದ ಅಂಟಿಗೆ ಎರಡು ರೀತಿಯ ತೊಂದರೆಗಳಾಗುತ್ತವೆ. ಮೊದಲನೆಯದಾಗಿ, ಸಾಮಾನ್ಯ ಅವಧಿಯ ಆಮ್ಲ ಲೇಪನದಿಂದ ಹೊರಪದರದಲ್ಲಿ ಸಾಕಷ್ಟು ರಂಧ್ರಗಳು ಉಂಟಾಗದೆ ಅಂಟಿನ ಬೇರುಗಳು ಕಡಿಮೆಯಾಗುತ್ತವೆ. ಎರಡನೆಯದಾಗಿ, ಅಂಟು ಚೆನ್ನಾಗಿ ಹಿಡಿದಿದ್ದರೂ ಕೆಳಗಿನ ದುರ್ಬಲ ಎನಾಮಲ್ ತಾನೇ ಮುರಿದು ಅಂಟಿನೊಡನೆ ಎದ್ದು ಬರಬಹುದು.

ಫ್ಲೋರೋಸಿಸ್‌ನ ತೀವ್ರತೆಯನ್ನು ಡೀನ್ ಸೂಚ್ಯಂಕ ಅಥವಾ 1978ರಲ್ಲಿ ಪ್ರಕಟವಾದ ಥಿಲ್‌ಸ್ಟ್ರಪ್-ಫೆಯೆರ್‌ಸ್ಕೋವ್ ಸೂಚ್ಯಂಕದಿಂದ ಗುರುತಿಸಲಾಗುತ್ತದೆ. ಸೌಮ್ಯ ಸ್ವರೂಪದ ಫ್ಲೋರೋಸಿಸ್‌ನಲ್ಲಿ ಹಿಡಿತದ ವ್ಯತ್ಯಾಸವು ಅತ್ಯಲ್ಪವೆಂದೂ, ಮಧ್ಯಮ ಮತ್ತು ತೀವ್ರ ಸ್ವರೂಪದಲ್ಲಿ ಹಿಡಿತವು ಕುಗ್ಗುತ್ತದೆಂದೂ ಅನೇಕ ಪ್ರಯೋಗಗಳು ತೋರಿಸಿವೆ. ಎಲ್ಲ ಪ್ರಯೋಗಗಳ ಫಲಿತಾಂಶವೂ ಒಂದೇ ರೀತಿ ಇಲ್ಲ. ಆದುದರಿಂದ ಹಲ್ಲಿನ ಮೇಲೆ ಒಂದೆರಡು ಬಿಳಿ ಗೆರೆಗಳಿರುವವರು ಆತಂಕಪಡುವ ಅಗತ್ಯವಿರುವುದಿಲ್ಲ. ಕಂದು ಬಣ್ಣ, ಗುಂಡಿಗಳು ಮತ್ತು ಚೂರು ಏಳುವಿಕೆ ಇದ್ದವರ ವಿಷಯದಲ್ಲಿ ವಿಶೇಷ ಕ್ರಮ ಬೇಕಾಗುತ್ತದೆ.

ದಂತ ವೈದ್ಯರು ಪರಿಸ್ಥಿತಿಗೆ ಅನುಗುಣವಾಗಿ ಅನುಸರಿಸುವ ವಿಶೇಷ ಕ್ರಮಗಳು ಹೀಗಿವೆ:

(ಅ) ಆಮ್ಲ ಲೇಪನದ ಅವಧಿಯನ್ನು ಹೆಚ್ಚಿಸುವುದು. ತೊಳೆದು ಒಣಗಿಸಿದಾಗ ಎನಾಮಲ್ ಸುಣ್ಣದಂತೆ ಮಾಸಲು ಬಿಳಿಯಾಗಿ ಕಾಣದಿದ್ದಲ್ಲಿ ಪುನಃ ಲೇಪಿಸುವುದು.

(ಆ) ಹೊರಪದರವನ್ನು ಅತ್ಯಲ್ಪ ಪ್ರಮಾಣದಲ್ಲಿ ಉಜ್ಜಿ ತೆಗೆದು, ಅದರ ನಂತರ ಆಮ್ಲ ಲೇಪಿಸುವುದು.

(ಇ) ಸ್ವಯಂ ಆಮ್ಲೀಯ ಅಂಟನ್ನು ಬಳಸುವುದಾದರೂ, ಎನಾಮಲ್‌ನ ಭಾಗಕ್ಕೆ ಮಾತ್ರ ಮೊದಲು ಪ್ರತ್ಯೇಕವಾಗಿ ಫಾಸ್ಫಾರಿಕ್ ಆಮ್ಲ ಹಚ್ಚುವುದು.

ಅವಧಿಯನ್ನು ಮಿತಿಮೀರಿ ಹೆಚ್ಚಿಸಿದರೆ ಎನಾಮಲ್ ಹೆಚ್ಚು ನಷ್ಟವಾಗುತ್ತದೆಯೇ ಹೊರತು ಹಿಡಿತ ಹೆಚ್ಚುವುದಿಲ್ಲ. ಆದುದರಿಂದ ಎಷ್ಟು ಕಾಲ ಎಂಬುದು ಹಲ್ಲನ್ನು ನೋಡಿ ವೈದ್ಯರು ನಿರ್ಧರಿಸಬೇಕಾದ ವಿಷಯವಾಗಿರುತ್ತದೆ.

7. ಅಂಟುಗಳ ವಿಧಗಳು

ಪ್ರತ್ಯೇಕ ಆಮ್ಲ ಲೇಪನದ ಅಂಟು: ಆಮ್ಲ ಹಚ್ಚಿ, ತೊಳೆದು, ಒಣಗಿಸಿ, ನಂತರ ಅಂಟು ಹಚ್ಚುವ ಪದ್ಧತಿ. ಎನಾಮಲ್‌ನ ಮಟ್ಟಿಗೆ ಇದು ಈಗಲೂ ಅತ್ಯಂತ ವಿಶ್ವಸನೀಯ.

ಸ್ವಯಂ ಆಮ್ಲೀಯ ಅಂಟು: ಅಂಟಿನಲ್ಲಿಯೇ ಆಮ್ಲಗುಣವಿರುವುದರಿಂದ ತೊಳೆಯುವ ಹಂತವಿರುವುದಿಲ್ಲ. ಸಮಯ ಉಳಿಯುತ್ತದೆ. ಆದರೆ ಸೌಮ್ಯ ಆಮ್ಲಗುಣದವು ಎನಾಮಲ್ ಅನ್ನು ಸಾಕಷ್ಟು ಸಿದ್ಧಗೊಳಿಸುವುದಿಲ್ಲ; ಫ್ಲೋರೋಸಿಸ್ ಇರುವಲ್ಲಿ ಈ ಕೊರತೆ ಇನ್ನಷ್ಟು ಹೆಚ್ಚುತ್ತದೆ.

ಸಾರ್ವತ್ರಿಕ ಅಂಟು: 2011ರ ನಂತರ ಬಳಕೆಗೆ ಬಂದ ಇವುಗಳನ್ನು ಮೇಲ್ಕಂಡ ಎರಡೂ ಕ್ರಮಗಳಲ್ಲಿ ಬಳಸಬಹುದು. ಇವುಗಳಲ್ಲಿಯೂ ಎನಾಮಲ್‌ಗೆ ಪ್ರತ್ಯೇಕ ಆಮ್ಲ ಲೇಪನ ಮಾಡಿದರೆ ಹಿಡಿತ ಉತ್ತಮಗೊಳ್ಳುತ್ತದೆ.

ಗ್ಲಾಸ್ ಅಯೊನೊಮರ್ ಸಿಮೆಂಟ್: ಬ್ರಿಟನ್ನಿನ ವಿಲ್ಸನ್ ಮತ್ತು ಕೆಂಟ್ ಅಭಿವೃದ್ಧಿಪಡಿಸಿದ ಈ ಸಾಮಗ್ರಿಯು ಹಲ್ಲಿನ ಕ್ಯಾಲ್ಸಿಯಂನೊಡನೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತದೆ. ಇದರ ಹಿಡಿತದ ಬಲವು ರೆಸಿನ್ ಅಂಟಿಗಿಂತ ಬಹಳ ಕಡಿಮೆ. ಆದರೆ ತೇವಾಂಶವನ್ನು ಸ್ವಲ್ಪ ಮಟ್ಟಿಗೆ ಸಹಿಸುತ್ತದೆ ಮತ್ತು ವಿದ್ಯುತ್ ಉಪಕರಣಗಳಿಲ್ಲದೆಯೂ ಬಳಸಬಹುದು. ಮಕ್ಕಳ ಹಲ್ಲುಗಳಿಗೆ ಹಾಗೂ ಗ್ರಾಮೀಣ ಶಿಬಿರಗಳಿಗೆ ಇದು ಉಪಯುಕ್ತ.

8. ಹಿಡಿತವನ್ನು ಕುಗ್ಗಿಸುವ ಇತರ ಕಾರಣಗಳು

ಎಲ್ಲ ವೈಫಲ್ಯಕ್ಕೂ ಫ್ಲೋರೈಡ್ ಕಾರಣವಲ್ಲ. ಕೆಳಕಂಡ ಕಾರಣಗಳಿಂದಲೂ ಹಿಡಿತವು ಕುಗ್ಗುತ್ತದೆ:

(ಅ) ಆಮ್ಲ ಹಚ್ಚಿ ತೊಳೆದ ಎನಾಮಲ್‌ಗೆ ಜೊಲ್ಲು ಅಥವಾ ರಕ್ತ ತಗಲುವುದು. ಹತ್ತಿ ಬದಲಿಸುವಾಗ ಬಾಯಿ ಮುಚ್ಚದಂತೆ ವೈದ್ಯರು ಹೇಳುವುದು ಈ ಕಾರಣಕ್ಕಾಗಿ.
(ಆ) ಲವಂಗದ ಎಣ್ಣೆಯ ಅಂಶವುಳ್ಳ ತಾತ್ಕಾಲಿಕ ಫಿಲ್ಲಿಂಗ್‌ನ ಉಳಿಕೆ.
(ಇ) ಹಲ್ಲು ಬಿಳುಪುಗೊಳಿಸಿದ ಕೂಡಲೇ ಅಂಟಿಸುವುದು. ಸಾಮಾನ್ಯವಾಗಿ ಎರಡು ವಾರಗಳ ಅಂತರ ಅಗತ್ಯ.
(ಈ) ಗಟ್ಟಿಗೊಳಿಸುವ ದೀಪದ ಬೆಳಕು ಕ್ಷೀಣಿಸಿರುವುದು ಅಥವಾ ಸಾಕಷ್ಟು ಕಾಲ ಹಿಡಿಯದಿರುವುದು.
(ಉ) ಅವಧಿ ಮೀರಿದ ಅಥವಾ ಬೇಸಿಗೆಯ ಬಿಸಿಯಲ್ಲಿ ಸರಿಯಾಗಿ ಸಂಗ್ರಹಿಸದ ಅಂಟು.

9. ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

1. ಚಿಕಿತ್ಸೆಗೆ ಹೋದಾಗ, 8 ವರ್ಷದೊಳಗೆ ಯಾವ ಊರಿನಲ್ಲಿ ವಾಸವಾಗಿದ್ದಿರಿ, ಯಾವ ಮೂಲದ ನೀರು ಕುಡಿಯುತ್ತಿದ್ದಿರಿ ಎಂಬುದನ್ನು ದಂತ ವೈದ್ಯರಿಗೆ ತಿಳಿಸಿರಿ. ಉದ್ಯೋಗಕ್ಕಾಗಿ ಬೆಂಗಳೂರು, ಪುಣೆ, ಮುಂಬೈ ಮುಂತಾದೆಡೆ ನೆಲೆಸಿರುವವರಿಗೆ ಇದು ಹೆಚ್ಚು ಅವಶ್ಯಕ; ಅಲ್ಲಿನ ವೈದ್ಯರಿಗೆ ನಿಮ್ಮ ಊರಿನ ನೀರಿನ ಪರಿಚಯವಿರುವುದಿಲ್ಲ.

2. ಈ ಹಿಂದೆ ಫಿಲ್ಲಿಂಗ್ ಬಿದ್ದಿದ್ದಲ್ಲಿ ಎಷ್ಟು ಬಾರಿ, ಎಷ್ಟು ಕಾಲದ ನಂತರ ಬಿದ್ದಿತೆಂಬುದನ್ನು ತಿಳಿಸಿರಿ. ಬಿದ್ದ ತುಣುಕು ದೊರೆತಿದ್ದಲ್ಲಿ ತೆಗೆದುಕೊಂಡು ಹೋಗಿರಿ. ಅದರ ಒಳಬದಿಯಲ್ಲಿ ಎನಾಮಲ್ ಅಂಟಿದೆಯೇ ಇಲ್ಲವೇ ಎಂಬುದರಿಂದ ವೈಫಲ್ಯದ ಕಾರಣವನ್ನು ಊಹಿಸಲು ಸಾಧ್ಯವಾಗುತ್ತದೆ.

3. ಕಲೆಯನ್ನು ತೆಗೆಯಲು ಇಟ್ಟಿಗೆ ಪುಡಿ, ಇದ್ದಿಲು, ನಿಂಬೆರಸ ಅಥವಾ ಯಾವುದೇ ಆಮ್ಲವನ್ನು ಮನೆಯಲ್ಲಿ ಬಳಸಬೇಡಿರಿ. ಫ್ಲೋರೋಸಿಸ್‌ನ ಕಲೆಯು ಎನಾಮಲ್‌ನ ಒಳಗಿರುವುದರಿಂದ ಉಜ್ಜುವುದರಿಂದ ಹೋಗುವುದಿಲ್ಲ. ಅಂಟಿಗೆ ಆಧಾರವಾಗಬೇಕಾದ ಎನಾಮಲ್ ಮಾತ್ರ ಸವೆಯುತ್ತದೆ.

4. ಗುಟ್ಕಾ ಮತ್ತು ತಂಬಾಕಿನ ಕಲೆಯು ಫ್ಲೋರೋಸಿಸ್ ಅಲ್ಲ. ಅದು ಹಲ್ಲಿನ ಮೇಲ್ಮೈಯಲ್ಲಿದ್ದು, ದಂತ ವೈದ್ಯರು ಶುಚಿಗೊಳಿಸಿದಾಗ ಹೋಗುತ್ತದೆ. ಫ್ಲೋರೋಸಿಸ್ ಸಾಮಾನ್ಯವಾಗಿ ಎಡ ಮತ್ತು ಬಲ ಬದಿಯ ಒಂದೇ ಜೋಡಿ ಹಲ್ಲುಗಳಲ್ಲಿ ಸಮಾನವಾಗಿ ಕಾಣುತ್ತದೆ.

5. ಬಣ್ಣದ ಕಾರಣಕ್ಕಾಗಿ ಮಾತ್ರ ಗಟ್ಟಿಯಾದ ಹಲ್ಲನ್ನು ಕೀಳಿಸಬೇಡಿರಿ. ಎನಾಮಲ್ ಅನ್ನು ಸೂಕ್ಷ್ಮವಾಗಿ ಉಜ್ಜುವುದು, ರೆಸಿನ್ ತುಂಬುವುದು, ಲೇಪನ ಮಾಡುವುದು ಮುಂತಾದ, ಹಲ್ಲನ್ನು ಉಳಿಸುವ ವಿಧಾನಗಳು ಲಭ್ಯವಿರುತ್ತವೆ.

6. ನೋಂದಾಯಿತ ದಂತ ವೈದ್ಯರಿಂದ ಮಾತ್ರ ಚಿಕಿತ್ಸೆ ಪಡೆಯಿರಿ. ಜಾತ್ರೆ, ಸಂತೆಗಳಲ್ಲಿ ಹಲ್ಲಿಗೆ ಅಂಟಿಸಿಕೊಡುವವರನ್ನು ನಂಬಬೇಡಿರಿ.

10. ನೀರಿನ ಬಗ್ಗೆ

ಯಾವ ಅಂಟೂ ಫ್ಲೋರೋಸಿಸ್ ಅನ್ನು ಗುಣಪಡಿಸುವುದಿಲ್ಲ. ಅದು ಆಗಿರುವ ಹಾನಿಯನ್ನು ಮುಚ್ಚುತ್ತದೆ ಅಷ್ಟೇ. ಮುಂದಿನ ಪೀಳಿಗೆಯ ಎನಾಮಲ್ ಸರಿಯಾಗಿರಬೇಕಾದರೆ ಚಿಕ್ಕ ಮಕ್ಕಳು ಕುಡಿಯುವ ನೀರು ಸರಿಯಾಗಿರಬೇಕು.

ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ. ಆರ್.ಒ. ವಿಧಾನದ ಶುದ್ಧ ಕುಡಿಯುವ ನೀರಿನ ಘಟಕಗಳು, ಸಕ್ರಿಯ ಅಲ್ಯುಮಿನಾ ಸೋಸುಕಗಳು ಹಾಗೂ ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನದಿಂದ ಫ್ಲೋರೈಡ್ ತಗ್ಗಿಸಬಹುದು. ಈ ಘಟಕಗಳ ನಿರ್ವಹಣೆ ನಿಂತರೆ ಪ್ರಯೋಜನವೂ ನಿಲ್ಲುತ್ತದೆ. ಮಳೆ ನೀರಿನಲ್ಲಿ ಮತ್ತು ನದಿಯ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ ಇರುತ್ತದೆ. ಕೃಷ್ಣಾ ಮತ್ತು ಭೀಮಾ ನದಿಗಳು ಈ ಜಿಲ್ಲೆಯಲ್ಲಿಯೇ ಹರಿಯುತ್ತಿರುವುದರಿಂದ ನದಿ ಮೂಲದ ನಲ್ಲಿ ನೀರು ದೊರೆಯುವೆಡೆ ಕುಡಿಯಲು ಮತ್ತು ಅಡುಗೆಗೆ ಅದನ್ನೇ ಬಳಸುವುದು ಸೂಕ್ತ. ಕೊಳವೆ ಬಾವಿಯ ನೀರನ್ನು ಬಟ್ಟೆ ಒಗೆಯಲು ಹಾಗೂ ಇತರ ಬಳಕೆಗೆ ಉಪಯೋಗಿಸಬಹುದು.

ನೀರಿನ ಮಾದರಿಯ ಪರೀಕ್ಷೆಗಾಗಿ ಗ್ರಾಮ ಪಂಚಾಯಿತಿಯನ್ನು ಅಥವಾ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯವನ್ನು ಸಂಪರ್ಕಿಸಬಹುದು.

11. ಸೌಲಭ್ಯಗಳು

ಹಲ್ಲಿನ ತಪಾಸಣೆಗಾಗಿ ಯಾದಗಿರಿಯ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆ ಹಾಗೂ ಶಹಾಪುರ ಮತ್ತು ಸುರಪುರ ತಾಲ್ಲೂಕು ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ವಿಶೇಷ ಚಿಕಿತ್ಸೆ ಅಗತ್ಯವಿದ್ದಲ್ಲಿ ಸಮೀಪದ ಕಲಬುರಗಿ ಮತ್ತು ರಾಯಚೂರುಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳ ತಪಾಸಣೆಯಲ್ಲಿ ಹಲ್ಲಿನ ತೊಂದರೆಗಳನ್ನೂ ಗುರುತಿಸಲಾಗುತ್ತದೆ. ತಪಾಸಣಾ ತಂಡವು ಶಾಲೆಗೆ ಭೇಟಿ ನೀಡುವ ದಿನ ಪೋಷಕರು ತಮ್ಮ ಮಕ್ಕಳನ್ನು ತಪ್ಪದೆ ಕಳುಹಿಸಿಕೊಡಲು ಕೋರಲಾಗಿದೆ.

ಸೂಚನೆ: ಈ ಪುಟದಲ್ಲಿನ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಪ್ರತಿಯೊಬ್ಬರ ಹಲ್ಲಿನ ಸ್ಥಿತಿಯೂ ಬೇರೆಯಾಗಿರುವುದರಿಂದ ಚಿಕಿತ್ಸೆಯ ಬಗ್ಗೆ ದಂತ ವೈದ್ಯರ ಸಲಹೆಯಂತೆ ನಡೆದುಕೊಳ್ಳತಕ್ಕದ್ದು.